ಇನಾಮು ಬೇಡ, ಸಂಬಳ ಕೊಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳಿಂದಲೂ ಈಗ ಜನ ಹೊರದೇಶಕ್ಕೆ ಹೋಗಿಬರುತ್ತಿದ್ದಾರೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಹೋಗುವ ತಾಯಿ ಇದ್ದಾಳೆ. ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡು ಯೂರೋಪು ನೋಡಿಬರೋಣವೆಂದು ಹೊರಡುವ ವರ್ತಕರೂ ಇದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ದೇಶ ಸುತ್ತು, ಕೋಶ ಓದು ಎಂದು ಹಿರಿಯರೇ ಹೇಳಿದ್ದಾರೆ. ಆದರೆ ಹೊರಡುವ ಮುನ್ನ ಪ್ರವಾಸದ ಏಜೆಂಟರು ಇವರ ಕೈಗೆ ಕೊಡುವ ಸೂಚನೆಗಳಲ್ಲಿ ಒಂದು ಕಲಮು ಇರುತ್ತದೆ. ಯಾವ ದೇಶದಲ್ಲಿ, ಯಾರಿಗೆ, ಎಷ್ಟು ಇನಾಮು ಕೊಡಬೇಕು ಎಂಬುದೇ ಆ ಕಲಮು. ಪೇಟೆಯವರು ಇದನ್ನು ಟಿಪ್ಸು ಎನ್ನುತ್ತಾರೆ, ಹಳಬರು ಭಕ್ಷೀಸು ಎನ್ನುತ್ತಾರೆ.

ಈ ಪಟ್ಟಿ ಓದಿದವರೆಲ್ಲ ಎಷ್ಟು ಕೊಡಬೇಕೆಂದು ಕೇಳುತ್ತಾರೆ. ಅದನ್ನು ನಿಜವಾಗಿ ಕೊಡಬೇಕಾದವನು ಯಾರು ಎಂದು ಕೇಳುವವರಿಲ್ಲ. ಹೊರದೇಶಕ್ಕೆ ಹೋಗುವವರು ನಮ್ಮಲ್ಲಿ ಕೆಲವರೇ ಇರಬಹುದು. ಆದರೆ ಇನಾಮನ್ನು ನಂಬಿ ಹೊಟ್ಟೆ ಹೊರೆಯುವವರು ನಮ್ಮ ರಸ್ತೆರಸ್ತೆಯಲ್ಲೂ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಕೊಂಚ ಬಿಡಿಸಿ ನೋಡುವುದು ಅವಶ್ಯ.

ದೇಶದೇಶದ ರೂಢಿ

ಮೊದಲು ಪಟ್ಟಿಯನ್ನೇ ನೋಡೋಣ. ಅಮೆರಿಕದಲ್ಲಿ ಕುಳಿತು ಉಣ್ಣುವ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20ರಷ್ಟು ಇನಾಮು ಕೊಡುವುದು ರೂಢಿ. ಕೊಡದೆ ಎದ್ದುಬಂದರೆ ಬಡಿಸಿದವನ ಕೂಲಿಗೆ ಕೈಹಾಕಿದಂತೆಯೇ ಅಲ್ಲಿಯವರು ತಿಳಿಯುತ್ತಾರೆ. ಫ್ರಾನ್ಸಿನಲ್ಲಿ ಬಡಿಸುವವರ ಸೇವೆಯ ದರ ತಿಂಡಿಯ ಬೆಲೆಯಲ್ಲಿಯೇ ಸೇರಿರಬೇಕೆಂಬುದು ಕಾನೂನು. ಅದರ ಮೇಲೆ ಒಂದೆರಡು ನಾಣ್ಯ ಬಿಟ್ಟುಬಂದರೂ ಸರಿ, ಬಿಡದಿದ್ದರೂ ಸರಿ. ಜಪಾನಿನಲ್ಲಿ ಇನಾಮಿನ ರೂಢಿಯೇ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟುಬಂದರೆ ಮರೆತು ಹೋಗಿದ್ದೀರೆಂದು ಹಿಂದೆಯೇ ಓಡಿಬಂದು ಕೊಡುತ್ತಾರೆ. ಆಸ್ಟ್ರೇಲಿಯದಲ್ಲಿಯೂ ಅದು ಕಡ್ಡಾಯವಲ್ಲ. ಈಜಿಪ್ಟಿಗೆ ಹೋದರೆ ನಮಗೆ ಪರಿಚಯದ ಭಕ್ಷೀಸು ಎಂಬ ಮಾತೇ ಹೆಜ್ಜೆಹೆಜ್ಜೆಗೂ ಕಿವಿಗೆ ಬೀಳುತ್ತದೆ.

ಇನ್ನು ಈ ಪಟ್ಟಿಯ ಪಕ್ಕದಲ್ಲಿ ಕೂಲಿಯ ಕಾನೂನನ್ನು ಇಟ್ಟು ನೋಡಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 25 ಸೆಂಟ್. 2009ರಿಂದ ಅದು ಏರಿಲ್ಲ. ಆದರೆ ಇನಾಮು ಬರುವ ಕೆಲಸದಲ್ಲಿರುವವನಿಗೆ ಮಾಲೀಕ ತನ್ನ ಗಲ್ಲಾದಿಂದ ಕೊಡಬೇಕಾದ ನಗದು 2 ಡಾಲರ್ 13 ಸೆಂಟ್ ಮಾತ್ರ. ಇದು 1991ರಿಂದ ಒಂದು ಕಾಸೂ ಏರಿಲ್ಲ. ಉಳಿದ 5 ಡಾಲರ್ 12 ಸೆಂಟನ್ನು ಗಿರಾಕಿ ಕೊಡುವ ಇನಾಮಿನಿಂದ ಹೊಂದಿಸಿಕೊಳ್ಳಲು ಕಾನೂನೇ ಮಾಲೀಕನಿಗೆ ಅವಕಾಶ ಕೊಟ್ಟಿದೆ. 1966ರಲ್ಲಿ ಹೋಟೆಲ್ ಕೆಲಸಗಾರರನ್ನು ಕನಿಷ್ಠ ಕೂಲಿಯ ಕಾನೂನಿನೊಳಗೆ ತಂದಾಗಲೇ ಈ ಕಿಂಡಿಯನ್ನೂ ತೆರೆದಿಟ್ಟರು. ಇನಾಮು ಸಾಲದೆ ಬಂದರೆ ಮಾಲೀಕನೇ ತುಂಬಿಕೊಡಬೇಕೆಂದು ಬರೆದಿದೆ. ಆದರೆ ನಾಳೆಯೂ ಅದೇ ಬಾಗಿಲಿಗೆ ಕೆಲಸಕ್ಕೆ ಬರಬೇಕಾದವನು ಮಾಲೀಕನ ಮುಂದೆ ನಿಂತು ಲೆಕ್ಕ ಕೇಳುವುದು ಎಂಥ ಕಷ್ಟವೆಂಬುದನ್ನು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳು ಮಾತ್ರ ಈ ಕಿಂಡಿಯನ್ನು ಮುಚ್ಚಿ, ಮಾಲೀಕನೇ ಪೂರ್ತಿ ಕೂಲಿ ಕೊಡುವಂತೆ ಮಾಡಿವೆ. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ವರ್ಷಕ್ಕೆ 25,000 ಡಾಲರಿನವರೆಗಿನ ಇನಾಮಿಗೆ ಆದಾಯ ತೆರಿಗೆಯ ರಿಯಾಯಿತಿ ಕೊಟ್ಟು ದುಡಿಯುವವರ ಮಿತ್ರನೆಂದು ಡಂಗುರ ಹೊಡೆಯಿತು. ಆ 2 ಡಾಲರ್ 13 ಸೆಂಟ್ ಮಾತ್ರ ಇದ್ದಲ್ಲಿಯೇ ಇದೆ.

ಈ ಎರಡು ಕಾಗದಗಳನ್ನು ಜೊತೆಗೆ ಓದಿದವನಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಮಾಲೀಕನಿಂದ ಕೂಲಿಯನ್ನು ಸರಿಯಾಗಿ ವಸೂಲು ಮಾಡುವ ದೇಶದಲ್ಲಿ ಇನಾಮು ಎರಡು ನಾಣ್ಯದ ಸೌಜನ್ಯ. ಕೂಲಿಯಲ್ಲಿ ಮಾಲೀಕನಿಗೆ ರಿಯಾಯಿತಿ ಕೊಟ್ಟ ದೇಶದಲ್ಲಿ ಅದು ನೂರಕ್ಕೆ 20ರ ಕಂದಾಯ.

ಎಲ್ಲರ ಹೆಸರೂ ಜಾರ್ಜ್

ಅಮೆರಿಕಕ್ಕೆ ಈ ರೂಢಿ ಬೇರೂರಿದ್ದು ಹೇಗೆ? ಅಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1865ರಲ್ಲಿ. ಅದರ ಬೆನ್ನಿಗೇ ಜಾರ್ಜ್ ಪುಲ್‌ಮನ್ ಎಂಬ ಬಂಡವಾಳಗಾರ ರಾತ್ರಿ ಪ್ರಯಾಣದ ರೈಲುಗಳಿಗೆ ಮಲಗುವ ಗಾಡಿಗಳನ್ನು ಮಾಡಿಸಿ, ಬಿಡುಗಡೆಯಾದ ಕರಿಯರನ್ನೇ ಆರಿಸಿ ಆಳುಗಳನ್ನಾಗಿ ಇಟ್ಟುಕೊಂಡ. ಹಾಸಿಗೆ ಹಾಸುವುದು, ಜೋಡು ಒರೆಸುವುದು, ಪೆಟ್ಟಿಗೆ ಹೊರುವುದು ಅವರ ಕೆಲಸ. ಸಂಬಳ ತೀರ ಕಡಿಮೆ. ಮಿಕ್ಕದ್ದನ್ನು ಪ್ರಯಾಣಿಕರ ಇನಾಮಿನಿಂದ ಗಿಟ್ಟಿಸಿಕೊಳ್ಳಿ ಎಂಬುದೇ ಕಂಪನಿಯ ನೀತಿ. ಪ್ರಯಾಣಿಕರು ಅವರನ್ನು ಅವರ ಹೆಸರಿನಿಂದ ಕರೆಯುತ್ತಿರಲಿಲ್ಲ. ಒಡೆಯನ ಹೆಸರನ್ನು ಗುಲಾಮನಿಗೆ ಅಂಟಿಸುವ ಹಳೆಯ ಚಾಳಿಯಂತೆ ಎಲ್ಲರನ್ನೂ ಜಾರ್ಜ್ ಎಂದೇ ಕೂಗುತ್ತಿದ್ದರು. ನಗಬೇಕು, ಬಾಗಬೇಕು, ಅವಮಾನವನ್ನು ನುಂಗಬೇಕು. ಇಲ್ಲವಾದರೆ ಆ ದಿನದ ಊಟಕ್ಕೆ ಕತ್ತರಿ.

1925ರ ಆಗಸ್ಟಿನಲ್ಲಿ ಆ ಆಳುಗಳು ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಇನಾಮನ್ನು ನಂಬದೆ ಬದುಕುವಷ್ಟು ಸಂಬಳ ಕೊಡಿ, ದುಡಿಮೆಯ ಹೊತ್ತನ್ನು ಮಿತಿಗೆ ತನ್ನಿ ಎಂದು ಕೇಳಿದರು. ಕಂಪನಿ ಸಂಘದ ಜನರನ್ನು ಕೆಲಸದಿಂದ ತೆಗೆಯಿತು, ಗೂಢಚಾರರನ್ನು ಬಿಟ್ಟಿತು, ಆದರೂ ಸಂಘ ಮುರಿಯಲಿಲ್ಲ. ಹನ್ನೆರಡು ವರ್ಷಗಳ ನಂತರ, 1937ರಲ್ಲಿ, ಅದೇ ಕಂಪನಿ ಸಂಘದೊಡನೆ ಕರಾರಿಗೆ ಸಹಿ ಹಾಕಬೇಕಾಯಿತು. ಇನಾಮನ್ನು ಇನ್ನಷ್ಟು ಚೆನ್ನಾಗಿ ಬೇಡುವುದನ್ನು ಕಲಿತು ಅವರು ಗೆದ್ದವರಲ್ಲ. ಸಂಬಳ ಕೇಳಿ ಗೆದ್ದರು.

ನಮ್ಮ ಹೆದ್ದಾರಿಯ ಕಥೆ

ಈಗ ನಮ್ಮ ಊರಿಗೆ ಬರೋಣ. ಮಲಗುವ ಗಾಡಿಯ ಆಳನ್ನು ಜಾರ್ಜ್ ಎಂದದ್ದಕ್ಕೆ ಮರುಗುವ ನಾವು, ನಮ್ಮ ಹೋಟೆಲಿನಲ್ಲಿ ಐವತ್ತು ವರ್ಷದ ಸಪ್ಲೈಯರನ್ನು ಏ ಹುಡುಗಾ ಎಂದು ಕೂಗುತ್ತೇವೆ. ಅವನಿಗೂ ಹೆಸರಿಲ್ಲ. ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಯಜಮಾನರು ಆಡುವ ಮಾತು ಎಲ್ಲ ಕಡೆಯೂ ಒಂದೇ: “ಸಂಬಳ ಇಷ್ಟು, ಮೇಲೆ ಟಿಪ್ಸು ಸಿಗುತ್ತದೆ.” ಯಾರದೋ ಜೇಬಿನ ಹಣವನ್ನು ತನ್ನ ಸಂಬಳದ ಮಾತಿನಲ್ಲಿ ಸೇರಿಸಿ ಹೇಳಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಬೆಂಗಳೂರು–ಮೈಸೂರು ರಸ್ತೆಯನ್ನು ನಂಬಿ ಬಿಡದಿ, ರಾಮನಗರ, ಚನ್ನಪಟ್ಟಣಗಳಲ್ಲಿ ಸಾವಿರಾರು ಸಂಸಾರಗಳು ಬದುಕಿವೆ. ತಟ್ಟೆ ಇಡ್ಲಿಯ ಹೋಟೆಲುಗಳು, ಮರದ ಗೊಂಬೆಯ ಅಂಗಡಿಗಳು, ಎಳನೀರಿನವರು, ಕಾರು ಒರೆಸುವ ಹುಡುಗರು. 2023ರ ಮಾರ್ಚ್ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಕಾರುಗಳು ರಾಮನಗರ, ಚನ್ನಪಟ್ಟಣಗಳ ಒಳಕ್ಕೆ ಬರದೆ ಬೈಪಾಸಿನಲ್ಲಿ ಹಾರಿಹೋಗತೊಡಗಿದವು. ಹಳೆಯ ರಸ್ತೆಯ ವ್ಯಾಪಾರ ಬಿದ್ದುಹೋಯಿತು. ಅಂಗಡಿಯವರಿಗೆ ನಷ್ಟವಾಯಿತೆಂದು ಎಲ್ಲರೂ ಬರೆದರು. ಅದು ನಿಜವೂ ಹೌದು. ಆದರೆ ಇನಾಮನ್ನು ಸಂಬಳದ ಭಾಗವೆಂದು ನಂಬಿಸಿ ಕೆಲಸಕ್ಕಿಟ್ಟುಕೊಂಡಿದ್ದವನ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ. ಗಿರಾಕಿ ಕಡಿಮೆಯಾದ ದಿನವೇ ಅವನ ಆದಾಯ ಕಡಿಮೆಯಾಯಿತು. ಅದನ್ನು ಅವನು ಯಾವ ರಿಜಿಸ್ಟರಿನಲ್ಲಿ ತೋರಿಸಿ ಯಾರನ್ನು ಕೇಳಬೇಕು? ವ್ಯಾಪಾರದ ಲಾಭ ಮಾಲೀಕನದು, ವ್ಯಾಪಾರದ ಅಪಾಯ ಮಾತ್ರ ಕೆಲಸಗಾರನದು ಎಂಬುದೇ ಈ ಏರ್ಪಾಡಿನ ತಿರುಳು.

ಇದರ ಮೇಲೆ ಇನ್ನೊಂದು ಏಟು ಬಿದ್ದಿದೆ. ಗಲ್ಲಾದ ಮುಂದೆ ಈಗ ಫೋನಿನಲ್ಲಿ ಹಣ ಕಟ್ಟುವ ಚೌಕದ ಚೀಟಿ ಅಂಟಿಸಿದ್ದಾರೆ. 85 ರೂಪಾಯಿ ಬಿಲ್ಲಾದರೆ 85 ರೂಪಾಯಿಯೇ ನೇರವಾಗಿ ಮಾಲೀಕನ ಖಾತೆಗೆ ಹೋಗುತ್ತದೆ. ಸೋಂಪಿನ ತಟ್ಟೆಯಲ್ಲಿ ಉಳಿಯುತ್ತಿದ್ದ ಐದು ಹತ್ತು ರೂಪಾಯಿಯ ಚಿಲ್ಲರೆ ಇಲ್ಲವಾಗಿದೆ. ಗಿರಾಕಿಯ ತಪ್ಪಿಲ್ಲ, ಹೊಸ ವ್ಯವಸ್ಥೆಯ ತಪ್ಪೂ ಇಲ್ಲ. ಆದರೆ ಚಿಲ್ಲರೆ ನಿಂತುಹೋಯಿತು, ಆದ್ದರಿಂದ ಸಂಬಳ ಏರಿಸುತ್ತೇನೆ ಎಂದ ಯಜಮಾನರು ಎಷ್ಟು ಮಂದಿ?

ಚಿಲ್ಲರೆ ಬರುತ್ತಿದ್ದ ಕಾಲದಲ್ಲಾದರೂ ಅದು ಎಲ್ಲರಿಗೂ ಸಿಗುತ್ತಿತ್ತೇ? ಇನಾಮು ಗಿರಾಕಿಯ ಕಣ್ಣಿಗೆ ಬೀಳುವವನಿಗೆ ಮಾತ್ರ. ಒಳಗೆ ಹೊಗೆಯಲ್ಲಿ ಹಿಟ್ಟು ರುಬ್ಬುವವನಿಗೆ, ತೊಟ್ಟಿಯ ಬಳಿ ಕುಳಿತು ಲೋಟ ತಟ್ಟೆ ತೊಳೆಯುವ ಹೆಂಗಸಿಗೆ, ಕಕ್ಕಸು ತೊಳೆಯುವವಳಿಗೆ ಯಾವ ಗಿರಾಕಿ ಇನಾಮು ಕೊಟ್ಟಿದ್ದಾನೆ? ಹಿಂದೆ ನಿಂತು ಹೆಚ್ಚು ಬೆವರು ಸುರಿಸುವವರಿಗೆ ಸೊನ್ನೆ. ಹೀಗೆ ಒಂದೇ ಅಡಿಗೆಮನೆಯ ಜನರಲ್ಲಿ ಅಸೂಯೆ ಹುಟ್ಟುತ್ತದೆ, ಸಂಘ ಕಟ್ಟುವ ಮಾತು ಬಂದಾಗ ಒಡಕು ಮೂಡುತ್ತದೆ. ಮಾಲೀಕನಿಗೆ ಇದಕ್ಕಿಂತ ಅನುಕೂಲ ಮತ್ತೊಂದಿಲ್ಲ.

ಹೊಸ ವೇಷಗಳು

ದೊಡ್ಡ ಹೋಟೆಲುಗಳು ಇನಾಮನ್ನು ಬಿಲ್ಲಿನಲ್ಲಿಯೇ ಅಚ್ಚು ಮಾಡಿ ಸರ್ವಿಸ್ ಚಾರ್ಜ್ ಎಂದು ಹೆಸರಿಟ್ಟವು. ಗಿರಾಕಿಗಳ ದೂರು ಹೆಚ್ಚಿದಾಗ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು 2022ರ ಜುಲೈ 4ರಂದು ಸೂಚನೆ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಆ ಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿತು. ಗಿರಾಕಿಗೆ ನ್ಯಾಯ ಸಿಕ್ಕಿತು, ಸಂತೋಷ. ಆದರೆ ಇಷ್ಟು ವರ್ಷ ಕೆಲಸಗಾರನ ಹೆಸರು ಹೇಳಿ ಎತ್ತಿದ ಹಣದಲ್ಲಿ ಕೆಲಸಗಾರನ ಕೈಸೇರಿದ್ದೆಷ್ಟು? ಇಂಗ್ಲೆಂಡಿನಲ್ಲಿ 2023ರಲ್ಲಿ ಇದಕ್ಕೆಂದೇ ಕಾನೂನು ಮಾಡಿದರು. ಅದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಗಿರಾಕಿ ಕೊಟ್ಟ ಇನಾಮು, ಸರ್ವಿಸ್ ಚಾರ್ಜ್ ಎಲ್ಲವನ್ನೂ ಮಾಲೀಕ ತಾನು ಮುಟ್ಟದೆ ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕು, ಲೆಕ್ಕ ಇಡಬೇಕು. ನಮ್ಮ ಸರ್ಕಾರ ಗಿರಾಕಿಯನ್ನು ಕಾಯಲು ಸೂಚನೆ ಹೊರಡಿಸಿತು, ಬಡಿಸುವವನನ್ನು ಕಾಯುವುದನ್ನು ಮರೆಯಿತು.

ಬಾಡಿಗೆ ಕಾರಿನ ಕಂಪನಿಗಳದು ಮತ್ತೊಂದು ವೇಷ. ನಮ್ಮ ನಾಲ್ಕು ತಾಲ್ಲೂಕಿನ ಎಷ್ಟೋ ಯುವಕರು ಬೆಂಗಳೂರಿನಲ್ಲಿ ಕಾರು, ಆಟೋ ಓಡಿಸಿ ಸಂಸಾರ ಸಾಗಿಸುತ್ತಾರೆ. ಗಾಡಿ ಬೇಗ ಬರಬೇಕಾದರೆ ಮುಂಚಿತವಾಗಿಯೇ ಇನಾಮು ಸೇರಿಸಿ ಎಂದು ಊಬರ್ ಕಂಪನಿ ಗಿರಾಕಿಯನ್ನು ಕೇಳತೊಡಗಿತು. 2025ರ ಮೇ ತಿಂಗಳಿನಲ್ಲಿ ಅದಕ್ಕೆ ಅದೇ ಪ್ರಾಧಿಕಾರದಿಂದ ನೋಟಿಸು ಹೋಯಿತು. ಕೆಲಸ ಮುಗಿಯುವ ಮೊದಲೇ ಕೊಡುವ ಇನಾಮು ಎಂಥ ಇನಾಮು? ಅದು ಹರಾಜು. ಡ್ರೈವರಿಗೆ ಸರಿಯಾದ ದರ ಕೊಡುವ ಹೊಣೆಯನ್ನು ಗಿರಾಕಿಯ ತಲೆಗೆ ಕಟ್ಟಿ ಕಂಪನಿ ದೂರ ನಿಂತಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಇಂಥ ಗಿಗ್ ಕಾರ್ಮಿಕರಿಗಾಗಿ ಕಾಯ್ದೆಯಾಗಿದೆ. ಒಂದೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ನೂರಕ್ಕೆ 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ದಾರಿ ಇದೇ. ಕಂಪನಿಯಿಂದ ಕಾನೂನಿನ ಮೂಲಕ ಬರುವ ಒಂದು ರೂಪಾಯಿಗೆ ಇರುವ ಬೆಲೆ ಗಿರಾಕಿಯ ಮರ್ಜಿಯ ಹತ್ತು ರೂಪಾಯಿಗಿಲ್ಲ.

ಇನಾಮು ಹಕ್ಕಾದದ್ದು ಹೇಗೆ?

ಇನಾಮು ಸಂಬಳವಲ್ಲವೆಂಬುದನ್ನು ದೇಶದ ದೊಡ್ಡ ಕೋರ್ಟೇ ಹೇಳಿದೆ. ಜೈಪುರದ ಒಂದು ಭಾರಿ ಹೋಟೆಲಿನ ಮಾಲೀಕರು, ಕೆಲಸಗಾರರಿಗೆ ಇನಾಮು ಬರುವುದರಿಂದ ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ವಾದಿಸಿದ್ದರು. ಅದು ಮಾಲೀಕ ಕೊಡುವ ಹಣವಲ್ಲವೆಂದು ಸುಪ್ರೀಂ ಕೋರ್ಟು 1976ರಲ್ಲಿ ಆ ವಾದವನ್ನು ತಳ್ಳಿಹಾಕಿತು. 2016ರಲ್ಲಿ ಆದಾಯ ತೆರಿಗೆಯ ಒಂದು ಮೊಕದ್ದಮೆಯಲ್ಲಿಯೂ ಇನಾಮು ಸಂಬಳವಲ್ಲವೆಂದೇ ತೀರ್ಮಾನವಾಯಿತು. ಹಾಗಿರುವಾಗ “ಮೇಲೆ ಟಿಪ್ಸು ಸಿಗುತ್ತದೆ” ಎಂದು ಸಂಬಳ ಕಡಿಯುವ ಯಜಮಾನರು ಯಾವ ನ್ಯಾಯದ ಮೇಲೆ ನಿಂತಿದ್ದಾರೆ?

ಇನಾಮು ಎಂಬ ಮಾತಿನ ಚರಿತ್ರೆಯನ್ನೂ ಕೊಂಚ ನೆನೆಯಿರಿ. ದೊರೆಗಳು ಮೆಚ್ಚಿದವರಿಗೆ ಊರಿಗೆ ಊರನ್ನೇ ಇನಾಮು ಬರೆದುಕೊಟ್ಟರು. ಉತ್ತವನು ಒಬ್ಬ, ಉಂಡವನು ಇನ್ನೊಬ್ಬ. ಈ ಅನ್ಯಾಯವನ್ನು ಕಿತ್ತುಹಾಕಲು ಮೈಸೂರು ರಾಜ್ಯದಲ್ಲಿ 1954ರಲ್ಲಿ ವ್ಯಕ್ತಿಗತ ಇನಾಮುಗಳ ರದ್ದಿಯಾತಿ ಕಾಯ್ದೆಯೂ, 1955ರಲ್ಲಿ ಧಾರ್ಮಿಕ ಇನಾಮುಗಳ ರದ್ದಿಯಾತಿ ಕಾಯ್ದೆಯೂ ಬಂದವು. ಭೂಮಿಯ ಇನಾಮು ಹೋಯಿತು. ಹೊಟ್ಟೆಯ ಇನಾಮು ಉಳಿಯಿತು.

ಗಿರಣಿಯ ಕಾರ್ಮಿಕ ಬಂಧುಗಳಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಹಬ್ಬಕ್ಕೆ ಸಿಗುವ ಬೋನಸ್ಸು ಮೊದಲು ಧಣಿಯ ಇನಾಮೇ ಆಗಿತ್ತು. ಲಾಭ ಬಂದು ಮನಸ್ಸು ಬಂದರೆ ಕೊಟ್ಟ, ಇಲ್ಲವಾದರೆ ಇಲ್ಲ. 1924ರಲ್ಲಿ ಬೊಂಬಾಯಿಯ ಹತ್ತಿ ಗಿರಣಿಗಳ ಕೆಲಸಗಾರರು ಈ ಬೋನಸ್ಸಿಗಾಗಿಯೇ ಮುಷ್ಕರ ಹೂಡಿ ಸೋತರು. ಇದು ಕೇಳುವ ಹಕ್ಕಲ್ಲವೆಂದು ಅವರಿಗೆ ಹೇಳಲಾಯಿತು. ಸೋತವರ ಮಕ್ಕಳು ಬಿಡಲಿಲ್ಲ. 1965ರಲ್ಲಿ ಬೋನಸ್ ಕಾಯ್ದೆ ಬಂತು. ಮೊದಲು ಕನಿಷ್ಠ ನೂರಕ್ಕೆ 4 ಇದ್ದದ್ದು ಮುಂದೆ 8.33 ಆಯಿತು, ಅಂದರೆ ವರ್ಷಕ್ಕೆ ಒಂದು ತಿಂಗಳ ಕೂಲಿ. ನಿವೃತ್ತಿಯ ಗ್ರಾಚ್ಯುಯಿಟಿಯ ಕಥೆಯೂ ಅದೇ. ಇಂಗ್ಲಿಷಿನಲ್ಲಿ ಹೋಟೆಲಿನ ಇನಾಮಿಗೂ ಅದೇ ಮಾತು, ನಿವೃತ್ತನಿಗೆ ಕೊಡುವ ಹಣಕ್ಕೂ ಅದೇ ಮಾತು. ಮೂವತ್ತು ವರ್ಷ ದುಡಿದವನಿಗೆ ಧಣಿ ಮೆಚ್ಚಿ ಕೊಡುತ್ತಿದ್ದ ಆ ಹಣವನ್ನು 1972ರ ಕಾಯ್ದೆ ಹಕ್ಕನ್ನಾಗಿ ಮಾಡಿತು. ಐದು ವರ್ಷ ಪೂರೈಸಿದವನಿಗೆ ವರ್ಷಕ್ಕೆ 15 ದಿನದ ಕೂಲಿಯಂತೆ ಸಿಗತಕ್ಕದ್ದೆಂದು ವಿಧಿಸಿತು. 2025ರ ನವೆಂಬರ್ 21ರಿಂದ ಈ ಹಳೆಯ ಕಾಯ್ದೆಗಳು ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಸೇರಿಹೋಗಿವೆ. ಸಂಹಿತೆಗಳ ಬಗ್ಗೆ ನಮಗೆ ಬೇರೆ ಜಗಳಗಳಿವೆ, ಅದು ಇರಲಿ. ಬೋನಸ್ಸಾಗಲಿ ಗ್ರಾಚ್ಯುಯಿಟಿಯಾಗಲಿ ಮತ್ತೆ ಧಣಿಯ ದಯೆಗೆ ಮರಳಿಲ್ಲ ಎಂಬುದು ಮುಖ್ಯ. ಗಿರಣಿಯವನ ಇನಾಮು ಹಕ್ಕಾಗಬಹುದಾದರೆ ಹೋಟೆಲಿನವನದು ಏಕಾಗಬಾರದು?

ಮೂರು ಆಕ್ಷೇಪಣೆಗಳು

ಪ್ರೀತಿಯಿಂದ ಕೊಟ್ಟರೆ ತಪ್ಪೇನು ಎಂದು ಕೆಲವರು ಕೇಳುತ್ತಾರೆ. ತಪ್ಪೇನೂ ಇಲ್ಲ. ಸಂಗಮದಲ್ಲಿ ತೆಪ್ಪ ಹಾಕಿದವನಿಗೆ, ಸಾವನದುರ್ಗದಲ್ಲಿ ಮುದುಕರ ಕೈಹಿಡಿದು ಹತ್ತಿಸಿದವನಿಗೆ ಸಂತೋಷದಿಂದ ಕೊಡಿ. ಸಂಬಳ ಪೂರ್ತಿ ಬಂದ ಮೇಲೆ ಕೊಟ್ಟದ್ದು ಪ್ರೀತಿ. ಸಂಬಳದ ಬದಲಿಗೆ ಕೊಟ್ಟದ್ದು ಮಾಲೀಕನಿಗೆ ನೀವು ಕೊಟ್ಟ ದಾನ.

ಇನಾಮಿನ ಆಸೆ ಇಲ್ಲದಿದ್ದರೆ ಯಾರೂ ಮರ್ಯಾದೆಯಿಂದ ಬಡಿಸುವುದಿಲ್ಲ ಎಂದು ಇನ್ನು ಕೆಲವರ ವಾದ. ಜಪಾನಿಗೆ ಹೋಗಿಬಂದವರನ್ನು ಕೇಳಿ ನೋಡಿ. ಕಾಸಿಲ್ಲದೆ ಅಲ್ಲಿ ಸಿಗುವ ಮರ್ಯಾದೆ ನಮ್ಮಲ್ಲಿ ನೂರು ರೂಪಾಯಿ ಕೊಟ್ಟರೂ ಸಿಗುವುದು ಕಷ್ಟ. ಗಿರಣಿಯಲ್ಲಿ ನೂಲು ತೆಗೆಯುವವನು ಇನಾಮಿಲ್ಲದೆ ನೂಲನ್ನು ನಯವಾಗಿ ತೆಗೆಯುವುದಿಲ್ಲವೇ?

ಮೂರನೆಯದು ಸಣ್ಣ ವ್ಯಾಪಾರಿಗಳ ಮಾತು, ಅದಕ್ಕೆ ಉತ್ತರ ಹೇಳಲೇಬೇಕು. ಸೌದೆ, ಗ್ಯಾಸು, ತರಕಾರಿ, ಬಾಡಿಗೆ ಎಲ್ಲ ಏರಿರುವಾಗ ಸಣ್ಣ ಹೋಟೆಲಿನವನು ಸಂಬಳವನ್ನು ಎಲ್ಲಿಂದ ತರಬೇಕು? ಲೆಕ್ಕ ಹಾಕೋಣ. ದಿನಕ್ಕೆ 500 ಗಿರಾಕಿಗಳು ಬರುವ ಹೋಟೆಲೊಂದರಲ್ಲಿ ಒಬ್ಬೊಬ್ಬರ ಬಿಲ್ಲಿಗೆ 2 ರೂಪಾಯಿ ಹೆಚ್ಚಿಸಿದರೆ ದಿನಕ್ಕೆ 1,000 ರೂಪಾಯಿ, ತಿಂಗಳಿಗೆ 30,000 ರೂಪಾಯಿ. ಕೆಲಸಗಾರರು ಆರು ಜನವಿದ್ದರೆ ತಲೆಗೆ 5,000 ರೂಪಾಯಿ. ತಟ್ಟೆಯಲ್ಲಿ ಐದು ಹತ್ತು ಬಿಡುತ್ತಿದ್ದ ಗಿರಾಕಿ ಈ ಎರಡು ರೂಪಾಯಿಗೆ ಗೊಣಗುವುದಿಲ್ಲ. ಲೋಟ ತೊಳೆಯುವ ಹೆಂಗಸಿಗೂ ಪಾಲು ಸಿಗುತ್ತದೆ. ಊರಿನ ಎಲ್ಲ ಹೋಟೆಲಿನವರೂ ಒಟ್ಟಾಗಿ ಮಾಡಿದರೆ ಪಕ್ಕದವನು ಗಿರಾಕಿಯನ್ನು ಎಳೆದುಕೊಂಡಾನೆಂಬ ಭಯವೂ ಇರುವುದಿಲ್ಲ. ಸಂಬಳ ಕೈಗೆ ಬಂದವನು ಅದನ್ನು ಸ್ವಿಟ್ಜರ್‌ಲ್ಯಾಂಡಿಗೆ ಒಯ್ಯುವುದಿಲ್ಲ. ನಿಮ್ಮ ಪಕ್ಕದ ದಿನಸಿ ಅಂಗಡಿಗೆ, ಬಟ್ಟೆ ಅಂಗಡಿಗೇ ತರುತ್ತಾನೆ. ಸಣ್ಣ ವ್ಯಾಪಾರಿಯ ಗಿರಾಕಿ ಸಂಬಳದ ಮನುಷ್ಯನೇ ಎಂಬುದನ್ನು ಮರೆಯಬಾರದು.

ಮಾಡಬೇಕಾದದ್ದು

ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಇನಾಮು ತಪ್ಪೆಂಬ ತತ್ವ ಹೇಳಿ ಅಮೆರಿಕದ ಹೋಟೆಲಿನಲ್ಲಿ ಕೈ ಬಿಗಿ ಹಿಡಿಯಬೇಡಿ. ಅದರಿಂದ ಪೆಟ್ಟು ಬೀಳುವುದು ಬಡಿಸಿದವನಿಗೆ, ಮಾಲೀಕನಿಗಲ್ಲ. ಅಲ್ಲಿನ ರೂಢಿಯಷ್ಟು ಕೊಡಿ, ಆದಷ್ಟೂ ನಗದಾಗಿ ಅವನ ಕೈಗೇ ಕೊಡಿ. ಬಿಲ್ಲಿನಲ್ಲಿ ಮೊದಲೇ ಸೇರಿಸಿದ್ದಾರೆಯೇ ನೋಡಿಕೊಳ್ಳಿ, ಎರಡು ಸಲ ಕೊಡಬೇಡಿ. ಜಪಾನಿನಲ್ಲಿ ಹಣ ಚೆಲ್ಲಿ ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಹಿಂದಿರುಗಿದ ಮೇಲೆ ಅಲ್ಲಿ ಕೊಟ್ಟ ನೂರಕ್ಕೆ 20ನ್ನು ನೆನೆದು, ಇಲ್ಲಿನ ಕೆಲಸಗಾರನ ಸಂಬಳದ ಬಗ್ಗೆ ಒಂದು ಪ್ರಶ್ನೆ ಕೇಳಿ.

ಇಲ್ಲಿ ನಾವು ಒತ್ತಾಯ ಮಾಡಬೇಕಾದದ್ದು ನಾಲ್ಕು. ಹೋಟೆಲ್, ಲಾಡ್ಜ್, ಅಂಗಡಿಗಳಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವೆಷ್ಟೆಂಬುದನ್ನು ಕನ್ನಡದಲ್ಲಿ ಬರೆದು ಗಲ್ಲಾದ ಮೇಲೆ ತೂಗುಹಾಕಬೇಕು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರು ಕಾಫಿ ಕುಡಿದು ಹೋಗದೆ ರಿಜಿಸ್ಟರು ತೆಗೆಸಿ ನೋಡಬೇಕು. ಗಿರಾಕಿ ಕೆಲಸಗಾರರಿಗೆಂದು ಕೊಟ್ಟ ಹಣ, ಅದು ಫೋನಿನಲ್ಲಿ ಬಂದರೂ ಸರಿ, ಅಡಿಗೆಯವರಿಂದ ಹಿಡಿದು ತೊಳೆಯುವವರವರೆಗೆ ಹಂಚಿಕೆಯಾಗಬೇಕೆಂದು ರಾಜ್ಯ ಸರ್ಕಾರ ಕಾನೂನು ಮಾಡಬೇಕು. ಮತ್ತು ಹೋಟೆಲ್ ಕೆಲಸಗಾರರು ತಮ್ಮ ಸಂಘ ಕಟ್ಟಿಕೊಳ್ಳಬೇಕು. ಗಿರಣಿಯ ಸಂಘಗಳು ಅವರ ಬೆನ್ನಿಗೆ ನಿಲ್ಲಬೇಕು.

2007ರಲ್ಲಿ ನಮಗೆ ರಾಮನಗರವೆಂಬ ಹೊಸ ಜಿಲ್ಲೆ ಸಿಕ್ಕಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರು ಸಿಕ್ಕಿತು. ಬೋರ್ಡುಗಳು ಬದಲಾದವು. ಮೇಜು ಒರೆಸುವವನ ಸಂಬಳವನ್ನು ಬದಲಾಯಿಸಲು ಯಾವ ಪುಢಾರಿಯೂ ಭಾಷಣ ಮಾಡಲಿಲ್ಲ. ನಾಳೆ ಕಾಫಿ ಕುಡಿಯಲು ಹೋದಾಗ ಲೋಟ ತಂದಿಟ್ಟವರ ಹೆಸರನ್ನು ಕೇಳಿ, ಹೆಸರು ಹಿಡಿದೇ ಮಾತನಾಡಿಸಿ. ಆಮೇಲೆ ಗಲ್ಲಾದ ಬಳಿ ನಿಂತು, “ಯಜಮಾನರೇ, ಇವರಿಗೆ ಸಂಬಳ ಎಷ್ಟು ಕೊಡುತ್ತೀರಿ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿ. ನೂರು ಜನ ಹೀಗೆ ಕೇಳಿದ ಹೋಟೆಲಿನಲ್ಲಿ “ಮೇಲೆ ಟಿಪ್ಸು ಸಿಗುತ್ತದೆ” ಎಂಬ ಮಾತು ಹೆಚ್ಚು ದಿನ ನಡೆಯಲಾರದು.